ಪಾಳಿಯ ಅತ್ತೆ, ನೆಣದ ಭರಣಿ

ಅತ್ತೆಯ ಪಾಯಿಜಾಮದ ಲಾಡಿ ಸೊಂಟಕ್ಕೆ ಇನ್ನೊಂದು ಸುತ್ತು ಹೆಚ್ಚಿಗೆ ಬರುತ್ತಿದೆ ಎನ್ನುವುದು ಸುನ್‌ಮೊಯ್ ಕಣ್ಣಿಗೆ ಬಿದ್ದದ್ದು ಬೆಳಿಗ್ಗೆ, ಬಟ್ಟೆ ಹರವುವ ಗಡಿಬಿಡಿಯಲ್ಲಿ. ಮುದುಕಿ ಅಂಗಳದ ಬಿಸಿಲಿನಲ್ಲಿ ಗೋಡೆಗೆ ಮುಖ ಮಾಡಿ ನಿಂತು, ಉಳಿದ ಲಾಡಿಯನ್ನು ಕದ್ದ ಮಾಲಿನಂತೆ ಒಳಗೆ ತುರುಕುತ್ತಿದ್ದಳು.

"ಅತ್ತೆ, ಲಾಡಿ ಉದ್ದ ಆಯ್ತೋ, ನೀವು ಸಣ್ಣ ಆದ್ರೋ?"

"ಹಳೇ ಲಾಡಿ ಕಣೇ. ಹಿಗ್ಗಿದೆ," ಎಂದಳು ಚಾವ್‌ಮೊಯ್, ತಿರುಗದೆ.

ಹತ್ತಿಯ ಲಾಡಿ ಒಗೆದಷ್ಟೂ ಕುಗ್ಗುತ್ತದೆ ಎಂದು ಸುನ್‌ಮೊಯ್‌ಗೆ ಕಲಿಸಿದವಳೇ ಈ ಅತ್ತೆ. ಕೈಯಲ್ಲಿದ್ದ ಒದ್ದೆ ಅಂಗಿಯನ್ನು ಸೊಸೆ ಬೇಕಾದ್ದಕ್ಕಿಂತ ಜೋರಾಗಿ ಕೊಡವಿದಳು. ಇನ್ನೊಂದು ತಿಂಗಳಿಗೆ ಅತ್ತೆಯನ್ನು ಮುಂದಿನ ಮಗನ ಮನೆಗೆ ದಾಟಿಸುವ ದಿನ. ಅಂದು ಗಂಡನ ಕಡೆಯ ಫಾನ್ ಮನೆತನದವರೆಲ್ಲ ಊಟಕ್ಕೆ ಸೇರುತ್ತಾರೆ, ಮುದುಕಿಯ ಕೆನ್ನೆ ನೋಡುತ್ತಾರೆ, ಆಮೇಲೆ ಸೊಸೆಯ ಕಡೆ ನೋಡುತ್ತಾರೆ. ಬಾಯಿಬಿಟ್ಟು ಯಾರೂ ಏನೂ ಅನ್ನುವುದಿಲ್ಲ. ಅಂದಿದ್ದರೆ ತಿರುಗಿ ಅನ್ನಬಹುದಿತ್ತು.

ಮಿಯಾವೋಲಿಯ ಗುಡ್ಡಸೀಮೆಯ ಹಕ್ಕಾ ಜನರ ಮನೆಗಳಲ್ಲಿ ಅಣ್ಣತಮ್ಮಂದಿರು ಒಲೆ ಬೇರೆ ಮಾಡಿಕೊಂಡ ಮೇಲೆ ಹೆತ್ತವರು ಪಾಳಿಯ ಮೇಲೆ ಉಣ್ಣುತ್ತಾರೆ. ಚಾವ್‌ಮೊಯ್‌ಗೆ ಮೂವರು ಗಂಡುಮಕ್ಕಳು. ಎರಡು ತಿಂಗಳು ಹಿರಿಯವನ ಮನೆ, ಎರಡು ತಿಂಗಳು ನಡುವಿನವನ ಮನೆ, ಎರಡು ತಿಂಗಳು ಪೇಟೆಯಲ್ಲಿರುವ ಕಿರಿಯವನ ಮನೆ, ಮತ್ತೆ ಮೊದಲಿನಿಂದ. ಅವಳ ಜೊತೆಗೆ ಅವಳ ಬಿದಿರಿನ ಪುಟ್ಟ ಕುರ್ಚಿ, ದಿಂಬು, ಬಿಸಿನೀರಿನ ಥರ್ಮಾಸ್ ಕೂಡ ದಾಟುತ್ತವೆ. ಗಂಡುಮಕ್ಕಳು ತಾಯಿಯನ್ನು ಸಾಕುವ ಪದ್ಧತಿ ಎಂದು ಊರು ಇದನ್ನು ಹೊಗಳುತ್ತದೆ. ಗಂಡುಮಕ್ಕಳ ಪಾಲಿನ ಕೆಲಸ ಏನೆಂದರೆ, ದಾಟಿಸುವ ದಿನ ಅಮ್ಮನನ್ನು ಮೋಟರ್ ಸೈಕಲಿನ ಹಿಂದೆ ಕೂರಿಸಿಕೊಂಡು ಹೋಗಿ ಇಳಿಸುವುದು. ಅಲ್ಲಿಂದಾಚೆ ಗಂಜಿ, ಸ್ನಾನ, ಉಗುರು, ಮಾತ್ರೆ, ಮಲಬದ್ಧತೆ, ಹಳೆಯ ಕಥೆಗೆ ಹೂಂಗುಟ್ಟುವುದು, ಇವೆಲ್ಲ ಯಾರ ಪಾಲು ಎಂದು ಯಾರೂ ಕೇಳುವುದಿಲ್ಲ, ಏಕೆಂದರೆ ಕೇಳಬೇಕಾದವರು ಅಷ್ಟು ಹೊತ್ತಿಗೆ ಕೆಲಸಕ್ಕೆ ಹೋಗಿರುತ್ತಾರೆ.

ಸುನ್‌ಮೊಯ್ ಕೂಡ ಕೆಲಸಕ್ಕೆ ಹೋಗುವವಳೇ. ಮಡಕೆಯ ಭಟ್ಟಿಯಲ್ಲಿ, ಸುಟ್ಟು ಬಂದ ಜಾಡಿಗಳನ್ನು ಒಣಹುಲ್ಲಿನಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುವ ಕೆಲಸ. ಒಡೆಯುವ ವಸ್ತುಗಳನ್ನು ಹಗಲಿಡೀ ಜೋಪಾನ ಮಾಡಿ ಸಂಜೆ ಮನೆಗೆ ಬಂದರೆ ಅಲ್ಲೂ ಅಂಥವೇ. ಗಂಡ ವುನ್ಲಾಂಗ್, ಅತ್ತೆಯ ನಡುವಿನ ಮಗ, ಅಕ್ಕಿ ಗೋದಾಮಿನ ಮೇಲ್ವಿಚಾರಕ. ಮಗಳು ಲಿಂಗ್ ಹೈಸ್ಕೂಲಿಗೆ ಹೋಗುತ್ತಾಳೆ.

ಲಿಂಗ್ ಹುಟ್ಟಿದಾಗಿನ ಮಾತೊಂದಿದೆ. ಬಾಣಂತಿಗೆ ಒಂದು ತಿಂಗಳಿಡೀ ಎಳ್ಳೆಣ್ಣೆಯಲ್ಲಿ ಶುಂಠಿ ಹುರಿದು ಬೇಯಿಸಿದ ಕೋಳಿ ಕೊಡುವುದು ಅಲ್ಲಿನ ವಾಡಿಕೆ. ಹುಟ್ಟಿದ್ದು ಹೆಣ್ಣು ಎಂದು ತಿಳಿದ ಮಾವ ಬಾಗಿಲಾಚೆಯಿಂದ, "ಹತ್ತು ದಿನ ಸಾಕಲ್ಲ?" ಎಂದಿದ್ದ. ಚಾವ್‌ಮೊಯ್ ಮರುದಿನ ಎರಡು ಕೋಳಿ ಕೊಯ್ದಳು. ತಿಂಗಳಿಡೀ ಆ ಮನೆಯಲ್ಲಿ ಎಳ್ಳೆಣ್ಣೆಯ ಘಮ ಬೀದಿಯವರೆಗೆ ಹೋಯಿತು. "ಕುಡಿ ಮಗಳೇ, ಮೇಲಿನ ಎಣ್ಣೆ ಬಿಡಬೇಡ. ಹೆತ್ತ ಮೈ ಒಣಗಿದ ಬಾವಿ ಇದ್ದ ಹಾಗೆ," ಎನ್ನುತ್ತ ಬಟ್ಟಲು ಹಿಡಿದು ಎದುರು ಕೂತಿರುತ್ತಿದ್ದಳು. ಅದಕ್ಕೇ ಆ ಲಾಡಿ ಸುನ್‌ಮೊಯ್ ಕಣ್ಣಿಗೆ ಹಾಗೆ ಚುಚ್ಚಿದ್ದು. ತನ್ನನ್ನು ತುಂಬಿಸಿದ ಹೆಂಗಸು ತನ್ನ ಒಲೆಯ ಮುಂದೆಯೇ ಬತ್ತುತ್ತಿದ್ದಾಳೆ.

ಬತ್ತದೆ ಇನ್ನೇನಾದೀತು, ಮನೆಯಲ್ಲಿ ಜಿಡ್ಡೇ ಇಲ್ಲ.

ಸರ್ಕಾರದ ಆರೋಗ್ಯ ಕಾರ್ಡು ಬಂದ ಮರುವರ್ಷ ಗೋದಾಮಿನವರಿಗೆಲ್ಲ ರಕ್ತ ಪರೀಕ್ಷೆಯಾಗಿತ್ತು. ವುನ್ಲಾಂಗನ ರಕ್ತದಲ್ಲಿ ಕೊಬ್ಬು ಹೆಚ್ಚಾಗಿದೆ ಎಂದರು. ಆಗದೆ? ಸಂಜೆ ಕೆಲಸ ಬಿಟ್ಟ ಮೇಲೆ ಸೇತುವೆ ಪಕ್ಕದ ಅಂಗಡಿಯಲ್ಲಿ ಗೆಳೆಯರ ಜೊತೆ ಕೂತು ಚರ್ಮದ ಸಮೇತ ಬೇಯಿಸಿದ ಹಂದಿಮಾಂಸ, ಕರಿದ ಕರುಳು, ಮೇಲೆ ಜೋಳದ ಸಾರಾಯಿ. ಆದರೆ ಪರೀಕ್ಷೆ ಮುಗಿಸಿ ಬಂದವನು ಸೇತುವೆಯ ಕಡೆ ಬೆರಳು ತೋರಿಸಲಿಲ್ಲ, ನೇರವಾಗಿ ಅಡುಗೆಮನೆಗೆ ಬಂದು ನೆಣದ ಭರಣಿಯ ಕಡೆ ತೋರಿಸಿದ. ಹಂದಿಯ ಬೆನ್ನಿನ ನೆಣವನ್ನು ಕಾಯಿಸಿ ಸೋಸಿ ತುಂಬಿಟ್ಟ ಕಂದು ಬಣ್ಣದ ಭರಣಿ ಅದು. ಆ ಸೀಮೆಯಲ್ಲಿ ಅದಿಲ್ಲದ ಒಲೆಯಿಲ್ಲ.

"ಇದೇ ವಿಷ. ಎಸೆ ಇದನ್ನ," ಎಂದ. ಎಸೆಯುವುದೂ ಅವಳೇ. ಭರಣಿಯನ್ನು ಬೂದಿ ಹಾಕಿ, ಬಿಸಿನೀರು ಹಾಕಿ ತಿಕ್ಕುವುದೂ ಅವಳೇ.

ಆಮೇಲೆ ಅವನು ಅಣ್ಣನಿಗೆ ಫೋನು ಮಾಡಿದ. ಅಣ್ಣನಿಗೂ ಹೆಚ್ಚಿತ್ತಂತೆ. ತಮ್ಮನಿಗೆ ಮಾಡಿದ. ತಮ್ಮ ಪೇಪರಿನಲ್ಲಿ ಓದಿದ್ದನಂತೆ. ಮೂವರೂ ಸೇರಿ, ಅಮ್ಮನಿಗೂ ವಯಸ್ಸಾಯಿತು, ಅಮ್ಮನಿಗೂ ಜಿಡ್ಡು ಬೇಡ ಎಂದು ಫೋನಿನಲ್ಲೇ ತೀರ್ಮಾನ ಮಾಡಿದರು. ಅಮ್ಮನ ರಕ್ತವನ್ನು ಯಾರೂ ನೋಡಲಿಲ್ಲ. ಅಮ್ಮನನ್ನು ಕೇಳಲೂ ಇಲ್ಲ.

ಅಂದಿನಿಂದ ಸುನ್‌ಮೊಯ್‌ಗೆ ಮೂರು ಪಾತ್ರೆಯ ಅಡುಗೆ. ಗಂಡನಿಗೆ ನೀರಿನಲ್ಲಿ ಬೇಯಿಸಿ ಹಿಂಡಿದ ಸೊಪ್ಪು. ಅದನ್ನು ಅರ್ಧ ಬಿಟ್ಟು, "ಸ್ವಲ್ಪ ಗಾಳಿ ಕುಡಿದು ಬರ್ತೀನಿ," ಎಂದು ಸೇತುವೆ ಕಡೆ ಹೋಗುತ್ತಿದ್ದ. ಆ ಗಾಳಿಯಲ್ಲಿ ಹುರಿದ ಬೆಳ್ಳುಳ್ಳಿಯ ವಾಸನೆ ಇರುತ್ತಿತ್ತು. ಮಗಳಿಗೆ ಇನ್ನೊಂದು ಪಾತ್ರೆ. ಜಿಡ್ಡಿನಿಂದ ಹೊಳೆಯುವ ಯಾವುದನ್ನೂ ಅವಳು ಮುಟ್ಟುತ್ತಿರಲಿಲ್ಲ. ತೊಡೆ ದಪ್ಪ ಎಂದು ತರಗತಿಯಲ್ಲಿ ಯಾರೋ ಅಂದಿದ್ದರು. ಅತ್ತೆ ಬಂದಾಗ ಅವಳಿಗೆ ಮೆತ್ತಗಿನ ಗಂಜಿ, ಬೇಯಿಸಿದ ಸಿಹಿಕುಂಬಳ, ಬೇಯಿಸಿದ ಗೆಣಸಿನ ಸೊಪ್ಪು. ಸುನ್‌ಮೊಯ್ ತಿನ್ನುತ್ತಿದ್ದುದು ಮೂರು ಪಾತ್ರೆಯ ತಳದಲ್ಲಿ ಮಿಕ್ಕಿದ್ದನ್ನು. ತೊಳೆಯುವಾಗ ಒಂದು ಅನುಕೂಲವಿತ್ತು, ಸೋಪು ಬೇಕಾಗುತ್ತಿರಲಿಲ್ಲ.

ಅತ್ತೆಯ ವಿಷಯದಲ್ಲಿ ಮಾತ್ರ ಅವಳಿಗೆ ಒಂದು ಸಮಾಧಾನವಿತ್ತು. ಇಲ್ಲಿ ಎರಡು ತಿಂಗಳು ತಾನೇ? ಹಿರಿಯ ಓರಗಿತ್ತಿ ನ್ಯೂಕ್‌ಲಾನ್ ಹಳೆಯ ಕಾಲದ ಹೆಂಗಸು, ಗಂಡ ಏನಂದರೂ ನೆಣದ ಸೌಟು ಕೈಬಿಡುವವಳಲ್ಲ. ಅತ್ತೆ ಅಲ್ಲಿಂದ ಬಂದ ದಿನ ಸುನ್‌ಮೊಯ್ ಕೇಳಿಯೂ ಇದ್ದಳು.

"ಅಕ್ಕನ ಮನೇಲಿ ಊಟ ಹೇಗಿತ್ತು ಅತ್ತೆ?"

"ಅಯ್ಯೋ, ಪ್ರತಿ ಸಲ ತುಟಿ ಒರೆಸ್ಕೊಳ್ಳೋಕೆ ಬಟ್ಟೆ ಬೇಕಾಗ್ತಿತ್ತು!"

ತುಟಿ ಒರೆಸಲು ಬಟ್ಟೆ ಬೇಕಾಯಿತು ಎಂದರೆ ಆ ಮನೆಯವರು ಕೈ ಬಿಚ್ಚಿ ಬಡಿಸುತ್ತಾರೆ ಎಂದು ಅರ್ಥ. ಹಾಗಾದರೆ ಅಲ್ಲಿ ತಿಂದು ಬಂದದ್ದು ಇಲ್ಲಿ ಕರಗಲಿ, ಮುಂದೆ ಪೇಟೆಯ ಸೊಸೆ ಯಾರೊಂಗ್ ಕರಿದ ಕೋಳಿ ತಿನ್ನಿಸುತ್ತಾಳೆ, ನಡುವೆ ನನ್ನ ಮನೆಯದು ಹೊಟ್ಟೆಗೆ ವಿಶ್ರಾಂತಿ ಎಂದುಕೊಂಡು ಸುನ್‌ಮೊಯ್ ಅತ್ತೆಯ ಪಾತ್ರೆಗೆ ಕದ್ದು ಒಂದು ಹನಿ ಹಾಕುವ ಗೋಜಿಗೂ ಹೋಗಲಿಲ್ಲ. ಆದರೂ ಲಾಡಿ ಉದ್ದವಾಗುತ್ತಲೇ ಹೋಯಿತು. ಅತ್ತೆಯ ಮೊಣಕೈಯ ಚರ್ಮ ಹಾವಿನ ಪೊರೆಯಂತೆ ಏಳುತ್ತಿತ್ತು. ಕೂತಲ್ಲೇ ಚಳಿ ಎನ್ನುತ್ತಿದ್ದಳು, ಅದೂ ಬೇಸಿಗೆಯ ಬಾಗಿಲಲ್ಲಿ.

ಲಾಡಿ ಕಣ್ಣಿಗೆ ಬಿದ್ದ ದಿನವೇ, ದೀಪ ಹಚ್ಚುವ ಹೊತ್ತಿಗೆ, ಒಣಗಿದ ಬಟ್ಟೆ ಎತ್ತಿಕೊಂಡು ಬರುತ್ತಿದ್ದ ಚಾವ್‌ಮೊಯ್ ಹೊಸ್ತಿಲು ಕಾಣದೆ ಎಡವಿ ಬಿದ್ದಳು. ಮೊಣಕಾಲು ಕೆತ್ತಿಹೋಯಿತು. ನಲವತ್ತು ವರ್ಷದ ಹಿಂದೆ ಅವಳೇ ನಿಂತು ಹಾಕಿಸಿದ ಹೊಸ್ತಿಲು.

ವುನ್ಲಾಂಗ್ ಓಡಿಬಂದ. ಅಮ್ಮನನ್ನು ಎತ್ತಿ ಕೂರಿಸಿದ. ತೋಳು ಹಿಡಿದಾಗ ಕೈಗೆ ಮೂಳೆಯೇ ಸಿಕ್ಕಿರಬೇಕು, ಹೆಂಡತಿಯ ಕಡೆ ತಿರುಗಿದ.

"ಏನ್ ತಿನ್ನಿಸ್ತಿದೀಯ ನೀನು ಅಮ್ಮಂಗೆ?"

ಸುನ್‌ಮೊಯ್ ಕೈಯಲ್ಲಿ ಸೊಪ್ಪು ಹಿಂಡುವ ಜಾಲರಿ ಇತ್ತು. ಅದನ್ನು ಎಲ್ಲಿ ಇಡಬೇಕೆಂದು ಅವಳಿಗೆ ಒಂದು ಗಳಿಗೆ ತೋಚಲಿಲ್ಲ. ತೋಚಿದ ಜಾಗ ಗಂಡನ ತಲೆಯಾದ್ದರಿಂದ ಮೆಲ್ಲಗೆ ಕೆಳಗಿಟ್ಟಳು.

"ನೀವು ಹೇಳಿದ್ದನ್ನೇ," ಎಂದಳು.

"ನಾನು ಜಿಡ್ಡು ಬೇಡ ಅಂದೆ. ಉಪವಾಸ ಹಾಕು ಅಂದ್ನಾ?"

ಮರುದಿನ ಅವನಿಗೆ ಗೋದಾಮಿನಲ್ಲಿ ಲೋಡು ಬರುವುದಿತ್ತು. ಸುನ್‌ಮೊಯ್ ಭಟ್ಟಿಗೆ ರಜೆ ಹೇಳಿ ಅತ್ತೆಯನ್ನು ಬಸ್ಸಿನಲ್ಲಿ ದವಾಖಾನೆಗೆ ಕರೆದುಕೊಂಡು ಹೋದಳು. ಡಾಕ್ಟರು ಐವತ್ತು ದಾಟಿದ, ಯಾವಾಗಲೂ ಯಾರ ಮೇಲೋ ಸಿಡುಕಿಕೊಂಡಿರುವ ಮನುಷ್ಯ. ಮೊಣಕಾಲಿಗೆ ಪಟ್ಟಿ ಕಟ್ಟಿಸಿ, ಕಣ್ಣಿಗೆ ದೀಪ ಹಿಡಿದು, ತೋಳಿನ ಚರ್ಮ ಎಳೆದು ನೋಡಿ, ರಕ್ತ ತೆಗೆಸಿದ. ವಾರ ಬಿಟ್ಟು ಮತ್ತೆ ಕರೆಸಿದ.

"ಇವರ ಮನೇಲಿ ಅಡುಗೆ ಮಾಡೋರು ಯಾರು?"

"ನಾನೇ."

"ಕಣ್ಣಿಗೆ ಪೊರೆ ಬರ್ತಿದೆ, ಅದು ವಯಸ್ಸಿಂದು, ಅದಕ್ಕೆ ಬೇರೆ ದಾರಿ ಇದೆ. ಆದ್ರೆ ಮೈಯಲ್ಲಿ ಏನೂ ಉಳಿದಿಲ್ವಲ್ರೀ. ದಿನಾ ಏನು ಕೊಡ್ತೀರಿ?"

ಸುನ್‌ಮೊಯ್ ಹೇಳಿದಳು. ಗಂಜಿ, ಕುಂಬಳ, ಸೊಪ್ಪು. ಎಲ್ಲ ತಾಜಾ. ಎಣ್ಣೆ ಇಲ್ಲ.

"ಯಾಕಿಲ್ಲ?"

"ರಕ್ತದಲ್ಲಿ ಕೊಬ್ಬು ಹೆಚ್ಚಿದೆ ಅಂತ..."

"ಯಾರ ರಕ್ತದಲ್ಲಿ? ಇವರದಾ? ಇವರ ರಕ್ತ ನೋಡಿದೀನಿ ನಾನು, ಏನೂ ಹೆಚ್ಚಿಲ್ಲ. ಯಾರು ಹೇಳಿದ್ರು ನಿಮಗೆ?"

"ನನ್ನ ಗಂಡ."

"ಅವರು ಡಾಕ್ಟ್ರಾ?"

"ಅಲ್ಲ. ಅಕ್ಕಿ ಗೋದಾಮು ನೋಡ್ಕೋತಾರೆ."

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡ. "ನೋಡಿ, ಅವರಿಗೆ ಹೇಳಿದ್ದು ಅವರಿಗೆ. ಕುಡಿಯೋದು ಬಿಡಿ, ಕೊಬ್ಬಿನ ಮಾಂಸ ಕಡಿಮೆ ಮಾಡಿ ಅಂತ ಹೇಳಿರ್ತಾರೆ. ಅದನ್ನ ಪ್ರಸಾದದ ಹಾಗೆ ಮನೆಗೆಲ್ಲ ಹಂಚೋದಲ್ಲ. ಬೆಳೆಯೋ ಮಕ್ಕಳಿಗೆ ಎಣ್ಣೆ ಅಂಶ ಬೇಕು, ಇಂಥ ವಯಸ್ಸಾದವರಿಗೂ ಬೇಕು. ಕುಂಬಳಕಾಯಿ ಕೊಡ್ತೀನಿ, ಸೊಪ್ಪು ಕೊಡ್ತೀನಿ ಅಂತೀರಿ. ಒಂದು ಚಮಚ ಎಣ್ಣೆ ಇಲ್ದೆ ಅದರ ಸತ್ವ ಮೈಗೆ ಹತ್ತೋದು ಹೇಗೆ? ಬಂದ ದಾರೀಲೇ ಹೋಗುತ್ತೆ. ಮೀನು ಕೊಡಿ, ಮೊಟ್ಟೆ ಕೊಡಿ, ಶೇಂಗಾ ಕುಟ್ಟಿ ಹಾಕಿ."

"ಹಂದಿ ನೆಣ?"

"ಬಾಣಲೆಗೆ ಚಮಚ ಅಂದ್ರೆ ಅಡ್ಡಿಯಿಲ್ಲ. ಭರಣಿಗೇ ಬಾಯಿ ಹಾಕ್ಬೇಡಿ. ಒಂದು ದಿನ ಅದು, ಒಂದು ದಿನ ಶೇಂಗಾ ಎಣ್ಣೆ. ಇಷ್ಟಕ್ಕೂ ಡಾಕ್ಟ್ರು ಬೇಕೇನ್ರೀ?"

ಸುನ್‌ಮೊಯ್‌ಗೆ ಅವಮಾನವಾಯಿತು. "ನಮ್ಮನೇಲಿ ಎರಡು ತಿಂಗಳು ಮಾತ್ರ ಡಾಕ್ಟ್ರೇ. ಇನ್ನೆರಡು ಮನೆ ಇದೆ. ಅಲ್ಲೆಲ್ಲ ಚೆನ್ನಾಗೇ ತಿಂತಾರೆ."

"ಚೆನ್ನಾಗಿ ತಿಂದ ಮೈನಾ ಇದು?"

ಇಬ್ಬರೂ ಚಾವ್‌ಮೊಯ್ ಕಡೆ ನೋಡಿದರು. ಅವಳು ಮೇಲೆ ತಿರುಗುತ್ತಿದ್ದ ಫ್ಯಾನನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು.

ಆ ನೋಟ ಸುನ್‌ಮೊಯ್‌ಗೆ ಚೆನ್ನಾಗಿ ಗೊತ್ತು. ಹುಡುಗಿ ಲಿಂಗ್ ಏನಾದರೂ ಒಡೆದಾಗ ಮೊಮ್ಮಗಳನ್ನು ಉಳಿಸಲು ಅಜ್ಜಿ ಹೀಗೇ ಸೂರು ನೋಡುತ್ತಿದ್ದಳು. ಬಸ್ಸಿನಲ್ಲಿ ಹಿಂತಿರುಗುವಾಗ ಸುನ್‌ಮೊಯ್ ತಮ್ಮ ಊರಿಗೆ ಎರಡು ನಿಲ್ದಾಣ ಮೊದಲೇ, ನ್ಯೂಕ್‌ಲಾನ್ ಮನೆಯ ಮುಂದೆ ಅತ್ತೆಯ ಕೈಹಿಡಿದು ಇಳಿಸಿದಳು.

"ಇಲ್ಯಾಕೆ?" ಚಾವ್‌ಮೊಯ್ ಗಾಬರಿಯಾದಳು. "ಈಗ ಇವಳ ಪಾಳಿ ಅಲ್ಲ. ಪಾಳಿ ಇಲ್ಲದ ಮನೆ ಹೊಸ್ತಿಲು ನಾನು ತುಳಿಯಲ್ಲ."

"ತುಳೀಬೇಡಿ. ಹೊರಗೇ ಕೂತಿರಿ."

ಅಂಗಳದ ಬೋರೆ ಮರದ ಕೆಳಗಿನ ಕಲ್ಲಿನ ಮೇಲೆ ಮುದುಕಿಯನ್ನು ಕೂರಿಸಿ ಸುನ್‌ಮೊಯ್ ಒಳಗೆ ನುಗ್ಗಿದಳು. ನ್ಯೂಕ್‌ಲಾನ್ ಅಡುಗೆಮನೆಯಲ್ಲಿದ್ದಳು. ಒಲೆಯ ಮೇಲೆ ಬಿದಿರಿನ ಹಬೆಬುಟ್ಟಿ. ಒಳಗೆ ಬಿಳಿಚಿಕೊಂಡ ಎಲೆಕೋಸು.

"ಏನೇ, ಹೇಳದೆ ಕೇಳದೆ?"

"ಅಕ್ಕ, ಸ್ವಲ್ಪ ನೆಣ ಬೇಕಿತ್ತು. ನಿನ್ನ ಭರಣಿ ಎಲ್ಲಿ?"

ನ್ಯೂಕ್‌ಲಾನ್ ಗದ್ದ ತಿರುಗಿಸಿ ಕಿಟಕಿ ತೋರಿಸಿದಳು. ಭರಣಿ ಅಲ್ಲೇ ಇತ್ತು. ಅದರ ತುಂಬ ಬಟ್ಟೆಗೆ ಹಾಕುವ ಕ್ಲಿಪ್ಪುಗಳು. ಸುನ್‌ಮೊಯ್ ಅದರೊಳಗೆ ಕೈಹಾಕಿ ತಿರುವಿ ನೋಡಿದಳು, ತಳದಲ್ಲಾದರೂ ಏನಾದರೂ ಇದ್ದೀತೆಂದು.

"ಯಾವಾಗಿಂದ?"

"ನಿಮ್ಮ ಭಾವನಿಗೆ ರಕ್ತದಲ್ಲಿ ಅದೇನೋ ಬಂದಾಗಿಂದ. ಯಾಕೆ?"

"ಮತ್ತೆ ಅತ್ತೆಗೆ?"

"ಅತ್ತೆಗೂ ಬೇಯಿಸಿದ್ದೇ. ಆ ಯಾರೊಂಗ್ ಪೇಟೇಲಿ ಕರಿದದ್ದು ತಿನ್ನಿಸಿ ಕಳಿಸ್ತಾಳಲ್ಲ, ನಾನಾದ್ರೂ ಸ್ವಲ್ಪ ತೊಳೆದು ಕಳಿಸೋಣ ಅಂತ. ಆಮೇಲೆ ಹೇಗೂ ನಿನ್ನ ಮನೆಗೆ ಬರ್ತಾರೆ. ನಿನ್ನ ಕೈ ಧಾರಾಳ."

"ನನ್ನ ಕೈನಾ? ಅಕ್ಕ, ನೀನು ಸುರೀತೀಯ ಅಂತ ನಾನು ಒಂದು ಹನಿ ಹಾಕ್ಲಿಲ್ಲ!"

"ಸುರಿಯೋಕೆ ಏನಿದೆ ನನ್ನ ಹತ್ರ, ಕ್ಲಿಪ್ಪಾ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ನ್ಯೂಕ್‌ಲಾನ್ ಒದ್ದೆ ಕೈಯಲ್ಲೇ ಫೋನು ಎತ್ತಿ ಯಾರೊಂಗ್‌ಗೆ ಹಚ್ಚಿದಳು. ಕಿರಿಯ ಓರಗಿತ್ತಿಯ ಸಣ್ಣ ದನಿ ಆ ತುದಿಯಿಂದ ಅಡುಗೆಮನೆಯ ಉದ್ದಕ್ಕೂ ಕೇಳಿಸಿತು. "ಕರಿದದ್ದಾ? ಅಯ್ಯೋ ಅಕ್ಕ, ಅತ್ತೆ ಬಂದಾಗ ಹಬೇಲಿ ಬೇಯಿಸಿದ ತೋಫು ಬಿಟ್ಟು ನಾನೇನೂ ಕೊಡಲ್ಲ. ಊರಲ್ಲಿ ನಾಲ್ಕು ತಿಂಗಳು ನಿಮ್ಮಿಬ್ಬರ ನೆಣ ತಿಂದು ಬಂದಿರ್ತಾರೆ ಅಂತ... ಅವರೇ ಹೇಳ್ತಾರಲ್ಲ, ಸುನ್‌ಮೊಯ್ ಅಕ್ಕನ ಮನೇಲಿ ತುಟಿ ಒರೆಸ್ಕೊಳ್ಳೋಕೆ ಬಟ್ಟೆ ಬೇಕಾಯ್ತು ಅಂತ."

ನ್ಯೂಕ್‌ಲಾನ್ ಫೋನು ಕೆಳಗಿಟ್ಟಳು. "ನನ್ನ ಹತ್ರ ಬಂದಾಗ ಯಾರೊಂಗ್ ಬಗ್ಗೆ ಅದೇ ಮಾತು. ಬಟ್ಟೆ ಬೇಕಾಯ್ತಂತೆ!"

ಮೂರು ಒಲೆಗಳ ನಡುವೆ ವರ್ಷವಿಡೀ ಒಂದು ಚಮಚ ಜಿಡ್ಡು ಕಾಣದೆ ಮುದುಕಿ ಸುತ್ತಿದ್ದಳು. ಅದಕ್ಕಿಂತ ಸುನ್‌ಮೊಯ್‌ಗೆ ಮೈಯುರಿದದ್ದು ಇನ್ನೊಂದಕ್ಕೆ. ಮೂವರು ಹೆಂಗಸರಲ್ಲಿ ಒಬ್ಬಳೂ ಕೆಟ್ಟದ್ದು ಎಣಿಸಿರಲಿಲ್ಲ. ಪ್ರತಿಯೊಬ್ಬಳೂ ಉಳಿದಿಬ್ಬರು ತನಗಿಂತ ಧಾರಾಳಿಗಳೆಂದು ನಂಬಿದ್ದಳು. ಓರಗಿತ್ತಿಯರು ಒಬ್ಬರ ಬಗ್ಗೆ ಒಬ್ಬರು ಒಳ್ಳೆಯದೆಣಿಸಿದ್ದು ಜನ್ಮದಲ್ಲಿ ಅದೊಂದೇ ಸಲ, ಅದರಿಂದ ಆದದ್ದು ಇದು.

ಇಬ್ಬರೂ ಅಂಗಳಕ್ಕೆ ಬಂದರು. ಚಾವ್‌ಮೊಯ್ ಬೋರೆ ಮರದ ಎಲೆ ನೋಡುತ್ತಿದ್ದಳು.

"ಅತ್ತೆ, ಯಾಕೆ ಸುಳ್ಳು ಹೇಳಿದ್ರಿ?" ಸುನ್‌ಮೊಯ್ ದನಿ ಏರಿತು.

"ಯಾವ ಸುಳ್ಳು?"

"ತುಟಿ ಒರೆಸೋ ಬಟ್ಟೆ!"

ಮುದುಕಿ ಮರದಿಂದ ಕಣ್ಣು ಇಳಿಸಿದಳು. "ಪಾಳಿ ಮೇಲೆ ಉಣ್ಣೋರು ಒಂದು ಒಲೆ ಸುದ್ದಿ ಇನ್ನೊಂದು ಒಲೆಗೆ ಒಯ್ಯಬಾರದು. ನನ್ನ ಅತ್ತೆ ಒಯ್ತಿದ್ಲು. ಅವಳ ಮನೇಲಿ ಉಪ್ಪಿಲ್ಲ, ಇವಳ ಮನೇಲಿ ಬಿಸಿಯಿಲ್ಲ ಅಂತ. ನಾವು ಓರಗಿತ್ತೀರು ಸಾಯೋ ತನಕ ಮಾತಾಡ್ಲಿಲ್ಲ. ನನ್ನ ಸೊಸೇರು ಹಾಗಾಗಬಾರದು ಅಂತ ನಾನು ಎಲ್ಲರನ್ನೂ ಹೊಗಳಿದೆ. ತಪ್ಪಾ?"

"ಹೊಗಳಿದ್ರಿ ಸರಿ. ಹಸಿವಾಗ್ತಿದೆ ಅಂತ ಒಂದು ಮಾತು ಹೇಳಬಹುದಿತ್ತಲ್ಲ!"

"ಕೊಟ್ಟಿದ್ದು ತಿಂದ ಮೇಲೂ ಹಸಿವು ಅಂದ್ರೆ ಕೊಟ್ಟೋಳಿಗೆ ಅವಮಾನ," ಎಂದಳು ಚಾವ್‌ಮೊಯ್. "ಮಕ್ಕಳು ಬೇಡ ಅಂದಿದ್ರಂತೆ. ನಿಮ್ಮಗಳಿಗೆ ಯಾಕೆ ಜಗಳ ತರ್ಲಿ?"

"ನಮ್ಮ ಮಾನ ಉಳಿಸಿ ನಿಮ್ಮ ಮೈ ಕಳ್ಕೊಂಡ್ರಿ," ಎಂದು ನ್ಯೂಕ್‌ಲಾನ್ ಅಲ್ಲೇ ಕುಕ್ಕರಗಾಲಲ್ಲಿ ಕೂತು ಅತ್ತೆಯ ಕಾಲಿನ ಒಣಚರ್ಮವನ್ನು ಮೇಲಂಗಿಯ ತುದಿಯಿಂದ ಒರೆಸತೊಡಗಿದಳು, ಒರೆಸಿದರೆ ಹೋಗುವುದೇನೋ ಎಂಬಂತೆ.

ಮರುದಿನ ಬೆಳಗಿನ ಸಂತೆಯಿಂದ ಸುನ್‌ಮೊಯ್ ಹಂದಿಯ ಬೆನ್ನಿನ ನೆಣ ತಂದಳು. ಸಣ್ಣಗೆ ಕತ್ತರಿಸಿ, ಬಾಣಲೆಗೆ ಒಂದು ಲೋಟ ನೀರು ಹಾಕಿ, ಉರಿ ತಗ್ಗಿಸಿ ಕಾಯಿಸಲಿಟ್ಟಳು. ಚಾವ್‌ಮೊಯ್ ತನ್ನ ಬಿದಿರಿನ ಕುರ್ಚಿಯನ್ನು ಒಲೆಯ ಹತ್ತಿರ ಎಳೆದುಕೊಂಡಳು. "ಇನ್ನೂ ಸಣ್ಣ ಉರಿ. ಅವಸರ ಮಾಡಿದ್ರೆ ಕಹಿಯಾಗುತ್ತೆ," ಎಂದಳು. ನೀರು ಆರಿತು, ಚೂರುಗಳು ಹೊಂಬಣ್ಣಕ್ಕೆ ತಿರುಗಿ ಪಿಸಪಿಸ ಎನ್ನತೊಡಗಿದವು. ವಾಸನೆ ಹಿಡಿದು ಲಿಂಗ್ ಪುಸ್ತಕ ಬಿಟ್ಟು ಬಂದಳು. ಜಾಲರಿಯಲ್ಲಿ ಉಳಿದ ಗರಿಗರಿ ಚೂರಿಗೆ ಅಜ್ಜಿ ಉಪ್ಪು ಉದುರಿಸಿ ಒಂದನ್ನು ಕೊಟ್ಟಳು. "ತೊಡೆ ದಪ್ಪ ಆಗುತ್ತೆ ಅಜ್ಜಿ." "ಒಂದಕ್ಕೆ ಆಗಲ್ಲ. ಕಾಲಿಗೆ ತೊಡೆ ಇಲ್ದಿದ್ರೆ ನನ್ನ ಹಾಗೆ ಹೊಸ್ತಿಲಲ್ಲಿ ಬೀಳ್ತೀಯ, ನೋಡ್ಕೋ." ಲಿಂಗ್ ತಿಂದಳು. ಇನ್ನೊಂದಕ್ಕೆ ಕೈ ಚಾಚಿದಾಗ ಅಜ್ಜಿಯೇ ಕೈಮೇಲೆ ಹೊಡೆದಳು.

ವುನ್ಲಾಂಗ್ ಬಾಗಿಲಲ್ಲೇ ಮೂಗು ಎತ್ತಿದ. "ಏನಿದು ವಾಸನೆ? ನಾನು ಏನು ಹೇಳಿದ್ದೆ?"

"ಹೇಳಿದ್ದು ಜ್ಞಾಪಕ ಇದೆ. ಡಾಕ್ಟ್ರು ಹೇಳಿದ್ದೂ ಜ್ಞಾಪಕ ಇದೆ. ಅಮ್ಮನ ರಕ್ತದಲ್ಲಿ ಏನೂ ಹೆಚ್ಚಿಲ್ಲ, ಹೊಟ್ಟೇಲಿ ಏನೂ ಇಲ್ಲ."

"ನನ್ನ ಗತಿ?"

"ಇನ್ನು ಈ ಮನೇಲಿ ಒಂದೇ ಬಾಣಲೆ. ಸೊಪ್ಪಿಗೆ ಒಂದು ಚಮಚ, ಎಲ್ಲರಿಗೂ ಅದೇ. ಅದು ನಿಮಗೂ ಏನೂ ಮಾಡಲ್ಲ. ನಿಮಗೆ ಮಾಡೋದು ಸೇತುವೆ ಹತ್ರ ಇದೆ. ಬೇಯಿಸಿ ಹಿಂಡಿದ್ದೇ ಬೇಕು ಅಂದ್ರೆ ನೀವೇ ಬೇಯಿಸಿ, ನೀವೇ ಹಿಂಡ್ಕೊಳ್ಳಿ."

"ಕೊಬ್ಬು ನಿನಗೆ ಹೆಚ್ಚಾಗಿದೆ!"

"ಪರೀಕ್ಷೆ ಮಾಡಿಸಿದ್ದು ನೀವು," ಎಂದಳು ಸುನ್‌ಮೊಯ್.

ಲಿಂಗ್ ನಕ್ಕಳು. ಅದೇ ಹಟಕ್ಕೆ ವುನ್ಲಾಂಗ್ ಪಾತ್ರೆಗೆ ನೀರು ತುಂಬಿ ಒಲೆಯ ಮುಂದೆ ನಿಂತ. ಸೊಪ್ಪನ್ನು ತೊಳೆಯದೆ ಹಾಕಿದ. ಆಮೇಲೆ ಅತ್ತ ಇತ್ತ ನೋಡಿ, "ಉಪ್ಪು ಎಲ್ಲಿಡ್ತೀಯ?" ಎಂದು ಕೇಳಿದ. ಆ ಮನೆಯಲ್ಲಿ ಹುಟ್ಟಿ, ಅಲ್ಲೇ ಉಂಡು, ಅಲ್ಲೇ ತಲೆ ಬೆಳ್ಳಗಾದ ಗಂಡಸು. ನಾಲ್ಕು ದಿನ ಮರಳು ಕಚ್ಚುವ ಸೊಪ್ಪು ತಿಂದು ಐದನೆಯ ದಿನ ಅವನೂ ಬಾಣಲೆಗೆ ಬಂದ. ಸೇತುವೆ ಕಡೆಯ ಗಾಳಿ ಮಾತ್ರ ಆಗೀಗ ಕುಡಿಯುತ್ತಲೇ ಇದ್ದ. ಅದನ್ನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯಲು ತನ್ನಿಂದಾಗದು ಎಂದು ಅವಳು ಕೈಬಿಟ್ಟಳು. ಅವನ ರಕ್ತ, ಅವನ ಪಾಳಿ.

ದಾಟಿಸುವ ದಿನ ಬಂತು. ಅಷ್ಟರಲ್ಲಿ ಚಾವ್‌ಮೊಯ್ ಮೈಕೈ ತುಂಬಿಕೊಂಡಳೆಂದೇನೂ ಅಲ್ಲ. ಬತ್ತಲು ವರ್ಷ ಹಿಡಿದದ್ದು ಒಂದು ತಿಂಗಳಿಗೆ ತುಂಬುವುದಿಲ್ಲ. ತುಟಿಯ ಬಿರುಕು ಕೂಡಿತ್ತು, ಮೊಣಕೈ ನಯವಾಗಿತ್ತು, ಚಳಿ ಎನ್ನುವುದು ನಿಂತಿತ್ತು. ಕೆನ್ನೆ ಮಾತ್ರ ಇನ್ನೂ ಗುಳಿಯೇ. ಸುನ್‌ಮೊಯ್ ಬೆಳಿಗ್ಗೆಯಿಂದ ಆ ಗುಳಿಗಳನ್ನೇ ನೋಡುತ್ತ ಕಸಿವಿಸಿಪಟ್ಟಳು.

ಕುರ್ಚಿ, ದಿಂಬು, ಥರ್ಮಾಸ್ ಮೊದಲೇ ಹೋದವು. ಮೋಟರ್ ಸೈಕಲ್ ಏರುವಾಗ ಚಾವ್‌ಮೊಯ್ ನೆಣದ ಭರಣಿಯನ್ನು ಮಡಿಲಲ್ಲಿ ಇಟ್ಟುಕೊಂಡಳು.

"ಅದ್ಯಾಕಮ್ಮ? ಬೆನ್ನಿಗೆ ಚುಚ್ಚುತ್ತೆ," ಎಂದ ವುನ್ಲಾಂಗ್.

"ಚುಚ್ಚಲಿ. ಇನ್ಮೇಲೆ ಇದೂ ನನ್ನ ಜೊತೆ ದಾಟುತ್ತೆ."

ಸಂಜೆ ಯಾರೊಂಗ್ ಮನೆಯ ದುಂಡು ಮೇಜಿನ ಸುತ್ತ ಮೂರು ಮನೆಯವರೂ ಕೂತರು. ಹಿರಿಯಳೆಂದು ಕರೆಸಿದ್ದ ಮಾವನ ತಂಗಿ ಚಾವ್‌ಮೊಯ್‌ಗೆ ಎದುರಾಗಿ ಕೂತಿದ್ದಳು. ಈ ಹೆಂಗಸಿನ ಕಣ್ಣು ತಕ್ಕಡಿ ಇದ್ದಂತೆ. ಒಮ್ಮೆ ಅತ್ತಿಗೆಯ ಕೆನ್ನೆ ತೂಗಿದಳು, ಒಮ್ಮೆ ಸುನ್‌ಮೊಯ್‌ಳನ್ನು.

"ಏನತ್ತಿಗೆ, ನಡುವಿನ ಸೊಸೆ ಮನೇಲಿ ಊಟ ಹೇಗಿತ್ತು?"

ಸುನ್‌ಮೊಯ್‌ಗೆ ಉತ್ತರ ಗೊತ್ತಿತ್ತು. ತುಟಿ, ಬಟ್ಟೆ. ಮಾನ ಉಳಿಯುತ್ತದೆ, ಯಾರೊಂಗ್ ಮತ್ತೆ ಎಣ್ಣೆ ಕಡಿಮೆ ಮಾಡುತ್ತಾಳೆ. ಅವಳು ಬಟ್ಟಲಿನ ಅಂಚು ಬಿಗಿಯಾಗಿ ಹಿಡಿದು ಅತ್ತೆಯನ್ನೇ ನೋಡಿದಳು.

ಚಾವ್‌ಮೊಯ್ ಸೂರಿನ ಕಡೆ ನೋಡಲು ತಲೆಯೆತ್ತಿದಳು. ಅರ್ಧಕ್ಕೆ ತಲೆ ಇಳಿಸಿದಳು.

"ಒಂದು ತಿಂಗಳು ಒಣ ಒಣ ಇತ್ತು," ಎಂದಳು. "ಆಮೇಲೆ ಸರಿಹೋಯ್ತು."

ಸುನ್‌ಮೊಯ್ ಕಿವಿ ಬಿಸಿಯಾದವು. ಅತ್ತೆ ಇನ್ನೂ ಮುಗಿಸಿರಲಿಲ್ಲ.

"ಅದಕ್ಕೆ ಮುಂಚೆ ದೊಡ್ಡವಳ ಮನೇಲೂ ಒಣ. ಈ ಮನೇಲೂ ಒಣ. ಒಂದು ವರ್ಷ ನಾನು ಹಸ್ಕೊಂಡಿದ್ದೆ. ಬೇಡ ಅಂತ ಹೇಳಿದೋರು ನನ್ನ ಮಕ್ಕಳು. ಹೇಳಿದ್ದನ್ನ ಬೇಯಿಸಿದೋರು ಸೊಸೇರು. ಬಾಯಿ ಮುಚ್ಕೊಂಡಿದ್ದೋಳು ನಾನು." ಅವಳು ಭರಣಿಯ ಮುಚ್ಚಳ ತೆಗೆದಳು. "ಯಾರೊಂಗ್, ಬಿಸಿ ಅನ್ನ ಹಾಕಮ್ಮ."

ಯಾರೊಂಗ್ ಹಾಕಿದಳು. ಚಾವ್‌ಮೊಯ್ ಬೆಳ್ಳಗಿನ ನೆಣವನ್ನು ಚಮಚದ ತುದಿಯಲ್ಲಿ ಅನ್ನದ ಮೇಲಿಟ್ಟು, ನಾಲ್ಕು ಹನಿ ಸೋಯಾ ರಸ ಬಿಟ್ಟು ಕಲಸಿದಳು. ಅನ್ನ ಹೊಳೆಯಿತು. ಮೂವರು ಗಂಡುಮಕ್ಕಳೂ ತಮ್ಮ ತಮ್ಮ ಬಟ್ಟಲು ನೋಡುತ್ತಿದ್ದರು. ಮಾವನ ತಂಗಿ ತೂಗಲು ಏನೂ ಸಿಗದೆ ಮೀನಿನ ಮುಳ್ಳು ಬಿಡಿಸತೊಡಗಿದಳು. ಸುನ್‌ಮೊಯ್‌ಗೆ ನಗಬೇಕೋ ಅಳಬೇಕೋ ತಿಳಿಯದೆ, ಇಷ್ಟು ಮಾತನ್ನು ವರ್ಷದ ಹಿಂದೆಯೇ ಆಡಿದ್ದರೆ ಎಂದು ಸಿಟ್ಟು ಮಾತ್ರ ಬಂತು, ಮತ್ತು ಆ ಸಿಟ್ಟಿನಲ್ಲಿಯೇ ಎಷ್ಟೋ ದಿನದ ಮೇಲೆ ಉಸಿರು ಸರಾಗವಾಗಿ ಆಡಿತು.

ಮುದುಕಿ ಅರ್ಧ ಬಟ್ಟಲು ಮುಗಿಸಿದಾಗ ತುಟಿಯಂಚಿನಿಂದ ಗದ್ದದವರೆಗೆ ಜಿಡ್ಡು ಮಿನುಗುತ್ತಿತ್ತು.

"ಸುನ್‌ಮೊಯ್," ಎಂದ ವುನ್ಲಾಂಗ್, "ಬಟ್ಟೆ ಕೊಡು. ಅಮ್ಮನ ತುಟಿ ಒರೆಸಬೇಕು."

"ನಿಮ್ಮ ಮೊಣಕೈ ಕೆಳಗೇ ಇದೆ," ಎಂದಳು ಸುನ್‌ಮೊಯ್, ಏಳದೆ.

ಅವನು ಮೊಣಕೈ ಎತ್ತಿ ನೋಡಿದ. ಇತ್ತು. ಸ್ವಲ್ಪ ಹೊತ್ತು ಅದನ್ನು ಹಿಡಿದುಕೊಂಡು, ಯಾರಾದರೂ ಇಸಕೊಳ್ಳುತ್ತಾರೇನೋ ಎಂದು ಕಾದ. ಮೂವರು ಹೆಂಗಸರೂ ಉಣ್ಣುತ್ತಿದ್ದರು. ಕೊನೆಗೆ ಅವನೇ ಬಾಗಿ, ಹದ ತಿಳಿಯದ ಕೈಯಿಂದ, ತಾಯಿಯ ತುಟಿ ಒರೆಸಿದ.

"ಮೆತ್ತಗೆ ಕಣೋ," ಎಂದಳು ಚಾವ್‌ಮೊಯ್. "ಇನ್ನೂ ತಿನ್ನೋದಿದೆ."